ಉದ್ಯಾನದಲ್ಲಿ ಚೆಲ್ಲಿದ ಚರಗ

ಹುರಿದ ಶೇಂಗಾ ಮೊರದಲ್ಲಿ ಹಾಕಿಕೊಂಡು ಸಿಪ್ಪೆ ಉಜ್ಜುತ್ತಿದ್ದೆ, ಆಗ ಪುಣೆಯಿಂದ ಅಕ್ಕನ ಸೊಸೆಯ ಫೋನು ಬಂತು. ಅಕ್ಕನಿಗೆ ಮೊಣಕಾಲಿನ ಆಪರೇಶನ್ ಆಗಿತ್ತು. ಹೊಲಿಗೆ ಬಿಚ್ಚಿದ್ದಾರೆ, ಎಲ್ಲ ಸುಸೂತ್ರವಾಗಿದೆ ಎಂದು ನಾವು ಗೋಕಾಕದಲ್ಲಿ ನಿಶ್ಚಿಂತೆಯಿಂದ ಇದ್ದೆವು.

"ಮಾವಶಿ, ಅತ್ತಿ ಅಡ್ಡಾಡಾಕ ಒಲ್ಲೆ ಅಂತಾರ," ಅಂದಳು. "ಹಾಸಿಗಿ ಬಿಟ್ಟರ ಖುರ್ಚಿ, ಖುರ್ಚಿ ಬಿಟ್ಟರ ಹಾಸಿಗಿ. ಮೊಣಕಾಲ ಬಿಗ್ಯಾಕತ್ತೈತಿ ಅಂತ ಡಾಕ್ಟರು ಸಿಟ್ಟಿಗೆದ್ದಾರ. ದೀಪಾವಳಿ ಮುಂದ ಮತ್ತ ನೋಡ್ತಾರಂತ. ಅಷ್ಟೊತ್ತಿಗಿ ಕಾಲ ಮಡಚಲಿಲ್ಲಂದ್ರ ಮತ್ತೊಮ್ಮೆ ಮಂಪರ ಇಂಜೆಕ್ಷನ್ ಕೊಟ್ಟು ಅವರ ಹಿಡದು ಮಡಚೂದಂತ. ನನಗ ರಜಾ ಮುಗದಾವ. ನೀವ ಬರ್ರಿ, ನಿಮ್ಮ ಮಾತ ಕೇಳ್ತಾರ."

ನನ್ನ ಮಾತನ್ನು ಅಕ್ಕ ಯಾವತ್ತು ಕೇಳಿದ್ದಳೋ ನನಗೆ ನೆನಪಾಗಲಿಲ್ಲ. ನಾವಿಬ್ಬರೂ ಹುಕ್ಕೇರಿಯಲ್ಲಿ ಹುಟ್ಟಿ ಬೆಳೆದವರು. ಅವಳನ್ನು ಮೂಡಲಗಿ ಕಡೆಗೆ ಕೊಟ್ಟರು, ನನ್ನನ್ನು ಗೋಕಾಕಕ್ಕೆ. ಭಾವನವರಿಗೆ ಪುಣೆಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ ಮೇಲೆ ಅಕ್ಕ ಅಲ್ಲಿಯವಳೇ ಆದಳು. ಈಗ ಭಾವನವರಿಲ್ಲ. ಮಗ, ಸೊಸೆ ಇಬ್ಬರೂ ದುಡಿಯುವವರು.

ನಮ್ಮ ಮನೆಯವರಿಗೆ ಹೇಳಿದೆ. "ಹೋಗಿ ಬಾ. ಖಡಕ್ ರೊಟ್ಟಿ ಬಡದಿಟ್ಟು ಹೋಗು, ಅನ್ನಾ ಚಾ ನಾ ನೋಡ್ಕೋತೀನಿ," ಅಂದರು. ಅನ್ನ ಮಾಡಲು ಬರುವ ಗಂಡನನ್ನು ದೇವರು ಕೊಟ್ಟಿದ್ದಾನೆ. ಸಂಕೇಶ್ವರಕ್ಕೆ ಹೋಗಿ ಅಲ್ಲಿಂದ ಪುಣೆಯ ಬಸ್ಸು ಹತ್ತಿದೆ. ಕಿಟಕಿಯ ಸೀಟೂ ಸಿಕ್ಕಿತು.

ಅಕ್ಕ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಖುರ್ಚಿ ಹಾಕಿಕೊಂಡು ಕೂತಿದ್ದಳು. ಪಕ್ಕದಲ್ಲಿ ನಾಲ್ಕು ಕಾಲಿನ ವಾಕರ್ ನಿಂತಿತ್ತು, ಅದರ ಮೇಲೆ ಒಣಗಲು ಹಾಕಿದ ಟವೆಲು.

"ನನ್ನ ನಡಸಾಕ ಬಂದಿ ಅಂತ ಗೊತ್ತೈತಿ," ಅಂದಳು. "ಚಾ ಕುಡಿ, ನಾಕ್ ದಿನಾ ಮಾತಾಡ್ಕೋತ ಕುಂದ್ರು. ನಡಿಯೂ ಮಾತ ತಗೀಬ್ಯಾಡ."

"ಮನಿ ಮುಂದ ಇಷ್ಟ ಚಂದ ಗಾರ್ಡನ್ ಐತಲ್ಲ ಅಕ್ಕಾ."

"ಐತಿ. ದಿನಾ ನೋಡ್ತೀನಿ. ಹೋದಾರು ಹೋದಲ್ಲೇ ಸುತ್ತತಾರ, ಗಾಣದ ಎತ್ತಿನಂಗ. ಗಾಣದ ಎತ್ತಾದ್ರೂ ಎಣ್ಣಿ ತಗೀತೈತಿ. ಇವರೇನ ತಗೀತಾರ?"

ಇದು ಬರೀ ಅಕ್ಕನ ಹಟವಲ್ಲ. ನಮ್ಮ ಕಡೆ ಹೆಂಗಸರು ಕೆಲಸವಿಲ್ಲದೆ ನಡೆಯುವುದಿಲ್ಲ. ಹೊಲಕ್ಕೆ, ಗಿರಣಿಗೆ, ಗುಡಿಗೆ, ಸಂತೆಗೆ ನಡೆಯುತ್ತೇವೆ. ಸುಮ್ಮನೆ ಹೊರಟವಳನ್ನು ಓಣಿಯವರೆಲ್ಲ ಎಲ್ಲಿಗೆ ಎಂದು ಕೇಳುತ್ತಾರೆ, ಉತ್ತರ ಇರಬೇಕು. ಅದರ ಮೇಲೆ ನೋವೂ ಇತ್ತು. ಮೊದಲ ಸಲ ಎದ್ದು ನಿಂತಾಗ ಕಾಲು ಕುಸಿದಿತ್ತಂತೆ, ಆ ಹೆದರಿಕೆ ಹೋಗಿರಲಿಲ್ಲ. ಅದನ್ನು ಅವಳು ಹೇಳಲಿಲ್ಲ, ಸೊಸೆ ಹೇಳಿದಳು.

ಮರುದಿನ ಬೆಳಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ ನಾನೊಬ್ಬಳೇ ರಸ್ತೆ ದಾಟಿ ಹೋದೆ. ಬೆಳಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಮಾತ್ರ ತೆರೆದಿರುವ ಉದ್ಯಾನ. ಕೆಂಪು ಹಾಸಿನ ದಾರಿ, ಎರಡೂ ಬದಿ ಮರ, ಮರಕ್ಕೊಂದು ಹೆಸರಿನ ತಗಡು. ಒಂದು ಕಡೆ ಮುದುಕರು ಮುದುಕಿಯರು ವರ್ತುಲವಾಗಿ ನಿಂತು, ಕೈ ಮೇಲೆತ್ತಿ, ಏನೂ ಕಾರಣವಿಲ್ಲದೆ ಹೋ ಎಂದು ನಗುತ್ತಿದ್ದರು. ಅವರನ್ನು ನೋಡಿ ನನಗೆ ನಗಲು ಕಾರಣ ಸಿಕ್ಕಿತು. ಇನ್ನೊಂದು ಕಡೆ ಕಬ್ಬಿಣದ ಯಂತ್ರದ ಮೇಲೆ ಒಂಬತ್ತು ಗಜದ ಸೀರೆಯ ಅಜ್ಜಿಯೊಬ್ಬಳು ಹಿಂದೆ ಮುಂದೆ ಜೋಲಿ ಹೊಡೆಯುತ್ತಿದ್ದಳು, ಮುಖ ಮಾತ್ರ ಬಹಳ ಗಂಭೀರ.

ಬೆಂಚಿನ ಮೇಲೆ ಕೂತೆ. ಯಾರೂ ನನ್ನನ್ನು ಚಹಾ ಕೇಳಲಿಲ್ಲ, ಒಗೆದ ಅಂಗಿ ಎಲ್ಲಿದೆ ಎಂದು ಕೇಳಲಿಲ್ಲ. ಅಷ್ಟು ಹೊತ್ತು ನನ್ನ ಕೈ ಖಾಲಿ ಇದ್ದದ್ದು ಯಾವಾಗಲೋ ತಿಳಿಯದು. ಗೋಕಾಕದಲ್ಲಿ ನಮಗೆ ಫಾಲ್ಸ್ ಇದೆ, ಮಳೆಗಾಲದಲ್ಲಿ ಪರವೂರಿನವರು ಗಾಡಿ ಮಾಡಿಕೊಂಡು ಬಂದು ನೋಡುತ್ತಾರೆ. ಆದರೆ ದಿನಾ ಹೋಗಿ ಸುಮ್ಮನೆ ಕೂಡಲು ಗುಡಿಯ ಕಟ್ಟೆ ಬಿಟ್ಟರೆ ನನ್ನಂಥವಳಿಗೆ ಬೇರೆ ಜಾಗವಿಲ್ಲ. ಟಿಕೆಟ್ಟಿಲ್ಲದೆ ಇಂಥ ನೆರಳು ಸಿಗುವ ಊರಿನವರ ಪುಣ್ಯ ದೊಡ್ಡದು ಅನ್ನಿಸಿತು.

ಪಾರಿಜಾತದ ಹೂ ನೆಲಕ್ಕೆ ಉದುರಿತ್ತು. ಬಾಗಿ ಆರಿಸತೊಡಗಿದಾಗ ಕಾವಲುಗಾರ ಬಂದ. ನನ್ನ ಮರಾಠಿ ಕೇಳಿ, "ಕನ್ನಡದವರೇನ್ರಿ?" ಅಂದ. ಗಡಿಯ ಜತ್ತ ಕಡೆಯವನಂತೆ. "ಬಿದ್ದದ್ದು ಬೇಕಾದಷ್ಟ ತಗೋರಿ. ಗಿಡದಾಗಿಂದ ಹರೀಬ್ಯಾಡ್ರಿ, ನನಗ ಬೈತಾರ."

ಮನೆಗೆ ಬಂದು ಹೂವನ್ನು ಅಕ್ಕನ ಪೂಜೆಗೆ ಕೊಟ್ಟೆ. ಆ ಒಂಬತ್ತು ಗಜದ ಅಜ್ಜಿಯ ಜೋಲಿಯನ್ನೂ ಮಾಡಿ ತೋರಿಸಿದೆ. ನಕ್ಕಳು, ಆದರೆ ಏಳಲಿಲ್ಲ. ಹೀಗೇ ದಿನಗಳು ಹೋದವು. ನಾನು ಹೋಗುವುದು, ನೋಡುವುದು, ಬಂದು ಹೇಳುವುದು. ವ್ಯಾಯಾಮ ಮಾಡಿಸುವ ಹುಡುಗಿ ಬಂದು ಮೊಣಕಾಲು ಒತ್ತಿ ನೋಡಿ, ಇನ್ನೂ ಬಿಗಿಯೇ ಇದೆ ಎಂದು ಬರೆದುಕೊಂಡು ಹೋಗುತ್ತಿದ್ದಳು.

ಸೀಗಿ ಹುಣ್ಣಿಮೆ ಹತ್ತಿರ ಬಂತು. ಮೂಡಲಗಿಯಿಂದ ಅಕ್ಕನ ನೆಗೆಣ್ಣಿ, ಅವಳ ಮೈದುನನ ಹೆಂಡತಿ, ಫೋನು ಮಾಡಿ, ಹೊಲಕ್ಕೆ ಬುತ್ತಿ ಏನೇನು ಮಾಡುತ್ತಿದ್ದೇವೆಂದು ಒಂದೊಂದಾಗಿ ಹೇಳಿದಳು. ಬೆಳೆ ತುಂಬಿ ನಿಂತ ಕಾಲಕ್ಕೆ ಮನೆಮಂದಿಯೆಲ್ಲ ಅಡಿಗೆ ಹೊತ್ತು ಹೊಲಕ್ಕೆ ಹೋಗಿ, ಐದು ಕಲ್ಲು ಇಟ್ಟು ಪಾಂಡವರೆಂದು ಪೂಜಿಸಿ, ಅಡಿಗೆಯಲ್ಲಿ ಸ್ವಲ್ಪವನ್ನು ಹೊಲದ ಸುತ್ತ ಭೂಮಿತಾಯಿಗೆ ಚೆಲ್ಲುತ್ತೇವೆ. ಅದೇ ಚರಗ. ಆಮೇಲೆ ಎಲ್ಲರ ಊಟ.

ಅಕ್ಕ ಫೋನು ಇಟ್ಟಳು. "ಈ ಊರಿಗೆ ಬಂದಾಗಿಂದ ನಾ ಚರಗ ಚೆಲ್ಲಿಲ್ಲ," ಅಂದಳು.

"ಎದುರಿಗೆ ಗಾರ್ಡನ್ ಐತಿ. ಅಲ್ಲಿ ಚೆಲ್ಲೂಣು."

"ಅಲ್ಲೇನ ಜೋಳ ಬಿತ್ಯಾರೇನ?"

"ಮಣ್ಣರ ಐತಲ್ಲ. ಭೂಮಿತಾಯಿ ಅಲ್ಲಿ ಇಲ್ಲೇನ?"

ಸಂಜೆ ಸೊಸೆ ಬಂದ ಕೂಡಲೇ ಅಕ್ಕ, "ನಾಳೆ ಬರೂಮುಂದ ಪುಂಡಿ ಸೊಪ್ಪು ತಗೊಂಡ ಬಾ, ಇಲ್ಲಿ ಮಂದಿ ಅಂಬಾಡಿ ಅಂತಾರ," ಎಂದು ಶುರು ಮಾಡಿದಳು. ಕೆಲಸ ಸಿಕ್ಕಿತು ಎಂದು ನನಗೆ ಗೊತ್ತಾಯಿತು.

ಹುಣ್ಣಿಮೆಯ ಬೆಳಗ್ಗೆ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಕಡಬು, ಮೊಸರನ್ನ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟೆವು. ಅಕ್ಕ ವಾಕರ್ ಹಿಡಿದು ಗೇಟು ದಾಟಿ, ಮೊದಲು ಸಿಕ್ಕ ಮರದ ಕಟ್ಟೆಗೆ ಒರಗಿದಳು. ಹಣೆ ಬೆವರಿತ್ತು. ಹೂವಿನ ಮಡಿಯ ಅಂಚಿನ ಕಲ್ಲು ನಾನು ತರಬೇಕು, ಅವಳು ಆರಿಸಬೇಕು.

"ಅದಲ್ಲ, ಅದರ ಬಾಜೂಕಿಂದು. ಭೀಮಗ ಅಷ್ಟ ಸಣ್ಣ ಕಲ್ಲೇನ?"

ಅವಳಿಗೆ ಬಾಗಲು ಬಾರದ್ದರಿಂದ ಕಲ್ಲುಗಳನ್ನು ಎತ್ತರದ ಕಟ್ಟೆಯ ಮೇಲೆಯೇ ಇಟ್ಟೆವು. ಅಕ್ಕ ನಿಂತುಕೊಂಡೇ ವಿಭೂತಿ, ಕುಂಕುಮ ಹಚ್ಚಿದಳು. ನಾನು ಚರಗ ಚೆಲ್ಲಿದೆ. "ಕೈ ಬಿಚ್ಚಿ ಚೆಲ್ಲು, ಕೋಳಿಗಿ ಕಾಳ ಹಾಕಿದಂಗ ಮಾಡಬ್ಯಾಡ," ಎಂದು ಹಿಂದಿನಿಂದ ಹೇಳುತ್ತಿದ್ದಳು. ಕಾವಲುಗಾರ ಸೀಟಿ ಊದುತ್ತ ಓಡಿ ಬಂದವನು, ನೋಡಿ ಸೀಟಿ ಬಾಯಿಂದ ತೆಗೆದ.

"ಚರಗೇನ್ರಿ? ನಮ್ಮವ್ವ ಮಾಡತಿದ್ಲು." ಅತ್ತ ಇತ್ತ ನೋಡಿ ಒಂದು ಕಡಬು ತಗೊಂಡ. "ಹುಲ್ಲಿನ ಮ್ಯಾಲ ಮಾತ್ರ ಚೆಲ್ಲಬ್ಯಾಡ್ರಿ."

ಚೆಲ್ಲಿದ್ದನ್ನು ಗೊರವಂಕಗಳು ಆಗಲೇ ಮುಗಿಸಿದ್ದವು. ನಗುವ ಮುದುಕಿಯರೂ ಬಂದು ರೊಟ್ಟಿ ಮುರಿದು ತಿಂದು, ಚಟ್ನಿಯ ಖಾರಕ್ಕೆ ಕಣ್ಣೀರು ಒರೆಸಿಕೊಂಡರು. ನಾವು ಗಂಟು ಕಟ್ಟಿ ಮನೆಗೆ ಬಂದೆವು. ಕಲ್ಲುಗಳನ್ನು ಅಲ್ಲೇ ಬಿಟ್ಟೆವು. ಹೊಲದಲ್ಲಿ ಹಾಗೇ ಬಿಡುವುದು, ಮಳೆಗೋ ಎತ್ತಿನ ಕಾಲಿಗೋ ಅವು ತಾವೇ ಮಣ್ಣಿನಲ್ಲಿ ಸೇರಿಹೋಗುತ್ತವೆ.

ಮರುದಿನ ಅಕ್ಕನ ಮೊಣಕಾಲು ಊದಿತ್ತು. "ಚರಗ ಮುಗೀತು, ಇನ್ನೇನ ಕೆಲಸ ಐತಿ ಅಲ್ಲಿ," ಎಂದು ಮತ್ತೆ ಖುರ್ಚಿಗೆ ಹೋದಳು. ಅದರ ಮರುದಿನವೂ ಅದೇ. ನನಗೆ ನಿಜಕ್ಕೂ ಭಯವಾಯಿತು. ಮಂಪರಿನಲ್ಲಿ ಮಲಗಿಸಿ ಕಾಲು ಹಿಡಿದು ಮಡಿಸುವುದನ್ನು ಕಣ್ಣ ಮುಂದೆ ತಂದುಕೊಂಡು, ಪೂಜೆಯಲ್ಲಿ ಅದೊಂದನ್ನೇ ಬೇಡಿಕೊಂಡೆ.

ಆಮೇಲೆ ಉದ್ಯಾನಕ್ಕೆ ಹೋದವಳಿಗೆ ಕಾವಲುಗಾರ ಗೇಟಿನಲ್ಲೇ ಅಡ್ಡ ಬಂದ. "ಬರ್ರಿ ಮಾವಶಿ, ನೋಡ್ರಿ ನೀವ ಮಾಡಿದ್ದು."

ಐದೂ ಕಲ್ಲಿಗೆ ಚೆಂಡು ಹೂವಿನ ಮಾಲೆ ಬಿದ್ದಿತ್ತು. ಊದಿನಕಡ್ಡಿ, ಒಡೆದ ಕಾಯಿ, ಯಾರೋ ಇಟ್ಟ ನಾಣ್ಯ.

"ಹಿಂಗ ಬಿಟ್ಟರ ಮ್ಯಾಲ ತಗಡ ಹಾಕತಾರ, ಆಮ್ಯಾಲ ಗುಡಿ ಕಟ್ಟತಾರ. ಸಾಹೇಬರು ನೋಡಿದರ ನನ್ನ ನೌಕರಿ ಹೋಗತೈತಿ. ಮಾಲಿಗೆ ತಗೀ ಅಂದೆ, ಕುಂಕುಮ ಹಚ್ಚಿದ್ದು ಮುಟ್ಟಂಗಿಲ್ಲ ಅಂದ. ನಾನೂ ಮುಟ್ಟಂಗಿಲ್ರಿ."

ನಾನೂ ಮುಟ್ಟುವಂತಿರಲಿಲ್ಲ. ಕುಂಕುಮ ಹಚ್ಚಿ ಕರೆದವರೇ ಕಳಿಸಿಕೊಡಬೇಕು. ಓಡುತ್ತ ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಕೇಳಿ ಅವಳ ಮುಖ ಸಣ್ಣದಾಯಿತು.

"ಅವರವ್ವನ ನೆನಪ ಮಾಡ್ಕೊಂಡು ಕಡಬು ತಿಂದ ಮನಶ್ಯಾ. ಅಂವನ ಅನ್ನಕ್ಕ ಕಲ್ಲ ಹಾಕಿದಂಗಾತಲ್ಲ." ವಾಕರ್ ಮೇಲಿನ ಟವೆಲು ತೆಗೆದು ನನ್ನ ಕೈಗೆ ಕೊಟ್ಟಳು. "ಏಳಸು ನನ್ನ."

ಸಂಜೆ ಗೇಟು ತೆರೆಯುವ ಹೊತ್ತಿಗೆ ನಾವು ಅಲ್ಲಿದ್ದೆವು. ಕಟ್ಟೆಯ ಹತ್ತಿರ ಒಬ್ಬ ಹೆಣ್ಣುಮಗಳು ಕೈ ಮುಗಿದು ನಿಂತಿದ್ದಳು. ಇದು ಯಾವ ದೇವರು ಎಂದು ಮರಾಠಿಯಲ್ಲಿ ಕೇಳಿದಳು.

"ಹೊಲದ ದೇವರವ್ವಾ," ಅಂದಳು ಅಕ್ಕ, ತನ್ನ ಮರಾಠಿಯಲ್ಲಿ. "ಹಬ್ಬಕ್ಕ ಬಂದಿದ್ದರು. ಇವತ್ತ ಹೊಳ್ಳಿ ಹೋಗತಾರ."

ಕಲ್ಲು ತೊಳೆಯಲು ಮಾಲಿಯ ನಲ್ಲಿ ಉದ್ಯಾನದ ಆ ತುದಿಗೆ ಇತ್ತು. ಎಲ್ಲವನ್ನೂ ಚೀಲಕ್ಕೆ ಹಾಕಿದರೆ ವಾಕರ್ ವಾಲುತ್ತಿತ್ತು. ನಾನು ಹಿಡಿಯುತ್ತೇನೆ ಎಂದರೆ, "ಇಟ್ಟಾಕಿ ನಾನು," ಅಂದಳು. ಒಂದು ಕಲ್ಲನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುವುದು, ತೊಳೆಯುವುದು, ಹೂವಿನ ಮಡಿಯ ಅಂಚಿಗೆ ಇಡುವುದು, ತಿರುಗಿ ಬರುವುದು. ನಡುವೆ ಬೆಂಚು ಸಿಕ್ಕಲ್ಲಿ ಕೂತಳು, ನೋವಿಗೆ ಹಲ್ಲು ಕಚ್ಚಿದಳು, ನನಗೆ ಎರಡು ಬೈದಳು. ದೀಪ ಹತ್ತಿದ ಮೇಲೂ ಭೀಮನೊಬ್ಬ ಉಳಿದಿದ್ದ. ಕಾವಲುಗಾರ, "ನಾಳೆ ಒಯ್ರಿ ಅವ್ವಾರ, ಇರಲಿ," ಅಂದ. ಅವಳು ಒಪ್ಪಲಿಲ್ಲ. ಭೀಮನನ್ನೂ ತೊಳೆದು ಮಡಿಯ ಅಂಚಿಗೆ ಇಟ್ಟೇ ಮನೆಗೆ ಬಂದಳು.

ಮರುದಿನ ಬೆಳಗ್ಗೆ ನಾನು ಸ್ನಾನಕ್ಕೆ ಹೋಗುವ ಮೊದಲೇ ಅವಳು ಚಪ್ಪಲಿ ಹಾಕಿಕೊಂಡು ನಿಂತಿದ್ದಳು. "ಮತ್ತ್ಯಾರರ ಬರೇ ಕಟ್ಟೀಗೇ ಕುಂಕುಮ ಹಚ್ಯಾರೇನೋ ನೋಡಬೇಕು." ಹಚ್ಚಿದ್ದರು. ಒದ್ದೆ ಬಟ್ಟೆಯಿಂದ ಒರೆಸಿದಳು. ಮಂದಿ ಮರೆಯುವ ತನಕ ದಿನಾ ಎರಡು ಹೊತ್ತು ಈ ಕಾವಲು ನಡೆಯಿತು. ಅಷ್ಟರಲ್ಲಿ ನಗುವ ಮುದುಕಿಯರು ಅವಳನ್ನು ತಮ್ಮ ವರ್ತುಲಕ್ಕೆ ಎಳೆದಿದ್ದರು. "ಸುಮ್ಮಸುಮ್ಮನ ನಗಾಕ ನನಗ ಬರಂಗಿಲ್ಲ," ಎಂದು ಕೈ ಮಾತ್ರ ಎತ್ತುತ್ತಿದ್ದಳು. ವಾಕರ್ ಹೋಗಿ ಕೋಲು ಬಂತು.

ದೀಪಾವಳಿಯ ಮುಂಚೆ ಆಸ್ಪತ್ರೆಗೆ ಹೋದೆವು. ಡಾಕ್ಟರು ಕಾಲನ್ನು ಮಡಿಸಿ, ಚಾಚಿಸಿ, ಮತ್ತೆ ಮಡಿಸಿ ನೋಡಿದರು. ಇಂಜೆಕ್ಷನ್ ಬೇಡ, ಹೀಗೇ ನಡೆಯಿರಿ ಅಂದರು. ಹಟ ಹೇಗೆ ಬಿಟ್ಟಿರಿ ಎಂದೂ ಕೇಳಿದರು. "ಗಾರ್ಡನ್‌ದಾಗ ಕೆಲಸ ಇತ್ರಿ," ಅಂದಳು ಅಕ್ಕ. ಅವರಿಗೆ ಅರ್ಥವಾಗಲಿಲ್ಲ, ಅವಳು ಬಿಡಿಸಿ ಹೇಳಲೂ ಇಲ್ಲ. ನಾನು ಗೋಡೆಯ ಕಡೆ ತಿರುಗಿ ಶಿವನಿಗೆ ಕೈ ಮುಗಿದೆ.

ರಿಕ್ಷಾ ಮನೆಯ ಮುಂದೆ ನಿಂತಿತು. ಅಕ್ಕ ಮೇಲೆ ಬರಲಿಲ್ಲ. ಉದ್ಯಾನದ ಗೇಟು ತೆರೆಯುವ ಹೊತ್ತಾಗಿದೆ, ಒಂದು ಸುತ್ತು ಹಾಕಿ ಬರುತ್ತೇನೆಂದು ಕೋಲು ಊರುತ್ತ ರಸ್ತೆಯ ಕಡೆ ಹೋದಳು. ಯಾವ ಕೆಲಸಕ್ಕೆ ಎಂದು ನಾನು ಕೇಳಲಿಲ್ಲ. ಲಿಫ್ಟ್ ಹತ್ತಿ ಮನೆಗೆ ಹೋಗಿ ಕೈಕಾಲು ತೊಳೆದುಕೊಂಡೆ. ಹಬ್ಬದ ಚೂಡಾ ಅವಲಕ್ಕಿ ಇನ್ನೂ ಆಗಬೇಕಿತ್ತು. ಬೆಳ್ಳುಳ್ಳಿ ಸುಲಿಯಲು ಕೂತೆ.