ಐಸಿನ ನಡುವೆ ಬೆವರಿದ ಲಿನೆಟ್

ಇಂಗ್ಲೆಂಡಿನ ಗ್ರಿಮ್ಸ್‌ಬಿ ಬಂದರಿನ ಮೀನು ಸೀಳುವ ಶೆಡ್ಡಿನಲ್ಲಿ ಲಿನೆಟ್ ನನ್ನ ಪಕ್ಕದಲ್ಲೇ ನಿಲ್ಲುತ್ತಿದ್ದಳು. ಅವಳು ಹ್ಯಾಡಕ್ ಮೀನಿಗೆ ಕತ್ತಿ ಇಟ್ಟರೆ ಮುಳ್ಳಿನಲ್ಲಿ ಒಂದು ಚೂರು ಮಾಂಸವೂ ಉಳಿಯುತ್ತಿರಲಿಲ್ಲ. ಮದುವೆಯಾಗಿರಲಿಲ್ಲ. ಮನೆಯಲ್ಲಿ ತಾಯಿ ಐವಿ. ಆ ಮುದುಕಿಯನ್ನು ಎತ್ತಿ ಕೂರಿಸಲು, ಮೈತೊಳೆಯಲು ಇವಳೊಬ್ಬಳೇ.

ಲಿನೆಟ್‌ಳ ಮಂಡಿ ಸವೆದಿತ್ತು. ಮೈತೂಕ ಇಳಿಸಿಕೊಂಡು ಬಂದರೆ ಮಾತ್ರ ಆಪರೇಷನ್ ಎಂದರು ಆಸ್ಪತ್ರೆಯವರು.

“ಮಂಡಿ ಹೋದ್ರೆ ಕೆಲಸ ಹೋಯ್ತು. ಅಮ್ಮನ್ನ ವೃದ್ಧಾಶ್ರಮಕ್ಕೆ ಹಾಕ್ತಾರೆ ಅಕ್ಕ,” ಎಂದಳು.

ಅರೆಹೊಟ್ಟೆ ಉಂಡಳು. ತೂಕ ಜಗ್ಗಲಿಲ್ಲ. ಆಮೇಲೆ ನಮಗ್ಯಾರಿಗೂ ಹೇಳದೆ ಫೋನಿನಲ್ಲಿ ನೋಡಿ ಯಾವುದೋ ಹಳದಿ ಮಾತ್ರೆ ತರಿಸಿದ್ದಾಳೆ.

ಆ ಫೆಬ್ರವರಿಯಲ್ಲಿ ನಾವೆಲ್ಲ ಎರಡೆರಡು ಸ್ವೆಟರ್ ಹಾಕಿ, ನಡುನಡುವೆ ಮರಗಟ್ಟಿದ ಬೆರಳನ್ನು ಬಿಸಿನೀರಿನ ಬಕೆಟ್ಟಿಗೆ ಅದ್ದುತ್ತಿದ್ದೆವು. ಲಿನೆಟ್ ತೋಳಿಲ್ಲದ ಅಂಗಿಯಲ್ಲಿ ನಿಂತು ಬೆವರುತ್ತಿದ್ದಳು.

“ಒಲೆ ನುಂಗಿದ್ದೀಯೇನೇ? ಸ್ವಲ್ಪ ಈ ಕಡೆ ಬಾ, ನಾವೂ ಮೈ ಕಾಯಿಸ್ಕೊತೀವಿ,” ಎಂದಳು ಎದುರಿನ ಪೌಲೀನ್.

“ವಯಸ್ಸು ಕಣೇ. ನಿಂಗೂ ಬರುತ್ತೆ, ತಡಿ.”

ಮುಟ್ಟು ನಿಲ್ಲುವ ಕಾಲಕ್ಕೆ ಮೈ ಬಿಸಿಯೇರುವುದುಂಟು. ನಂಬಿದೆವು. ಚಳಿಯೇ ಆಗದವಳು ಪುಣ್ಯವಂತೆ ಎಂದುಕೊಂಡೆವು.

ಒಂದು ಬೆಳಿಗ್ಗೆ ಅವಳು ಕತ್ತಿ ಕೆಳಗಿಟ್ಟು ಐಸಿನ ಪೆಟ್ಟಿಗೆಯೊಳಕ್ಕೆ ಎರಡೂ ಕೈಯನ್ನು ಮೊಣಕೈವರೆಗೆ ಹುಗಿದಳು. ಏದುಸಿರು. ಕಂಕುಳಲ್ಲಿ ಅಂಗಿ ಹಳದಿಯಾಗಿತ್ತು. ಆಗ ಮಾತ್ರೆಯ ವಿಷಯ ಬಾಯಿಬಿಟ್ಟಳು. ಆಂಬುಲೆನ್ಸಿನಲ್ಲಿ ನಾನೂ ಹೋದೆ.

ಆಸ್ಪತ್ರೆಯಲ್ಲಿ ಮೈಗೆಲ್ಲ ಐಸ್ ಇಟ್ಟರು. ಕಾವು ಇಳಿಯಲಿಲ್ಲ. ಆ ಮಾತ್ರೆ ಮೈಯನ್ನು ಒಳಗಿನಿಂದಲೇ ಸುಡುತ್ತಿದೆ, ಈ ವಿಷಕ್ಕೆ ಮದ್ದಿಲ್ಲ ಎಂದು ಎಳೆಯ ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು ಹೇಳಿದಳು. ಲಿನೆಟ್‌ಗೆ ಪ್ರಜ್ಞೆ ಇತ್ತು.

“ತೂಕ ಇಳ್ದಿದೆ ಅಂತ ಮಂಡಿ ಡಾಕ್ಟ್ರಿಗೆ ಹೇಳಕ್ಕ,” ಎಂದಳು.

ಮಧ್ಯಾಹ್ನ ಹೋಗಿಬಿಟ್ಟಳು. ಅದೇ ವಾರ ಐವಿಯನ್ನು ವೃದ್ಧಾಶ್ರಮಕ್ಕೆ ಸೇರಿಸಿದರು.

ಆ ಹಳದಿ ಮಾತ್ರೆಯಲ್ಲಿದ್ದದ್ದು ಕಾರ್ಖಾನೆಯ ರಾಸಾಯನಿಕವಂತೆ. ತಿನ್ನಲು ಮಾರಬಾರದೆಂದು ಮೊದಲೇ ಇತ್ತಂತೆ. ಮಾರುವವರು ಗೊಬ್ಬರವೆಂದು ಚೀಟಿ ಅಂಟಿಸಿ ಕಳಿಸುತ್ತಿದ್ದರಂತೆ. ಕೆಲವು ವರ್ಷಗಳ ಮೇಲೆ ಅದನ್ನು ಕಾನೂನಿನಲ್ಲಿ ವಿಷಗಳ ಸಾಲಿಗೆ ಸೇರಿಸಿದರು. ಈಗ ಪರವಾನಗಿ ಇಲ್ಲದೆ ಮನೆಯಲ್ಲಿಟ್ಟುಕೊಂಡರೂ ಅಪರಾಧ. ರೇಡಿಯೋದಲ್ಲಿ ಕೇಳಿದವಳೇ ಬಸ್ಸು ಹತ್ತಿ ಹೋಗಿ ಐವಿಗೆ ತಿಳಿಸಿದೆ.

ಅವಳು ಕಂಬಳಿಯ ಅಂಚನ್ನು ಮಡಚಿ ನೀವಿದಳು.

“ಇಳಿಸ್ಕೊಂಡು ಬಾ ಅಂದ್ರು, ಇಳಿಸ್ಕೊಂಡ್ಳು,” ಎಂದಳು. “ಚಿಕ್ಕಂದಿನಿಂದಲೂ ಹೇಳಿದ ಮಾತು ಕೇಳೋ ಮಗು ಅದು.”