ಕೆಂಪಿಯ ಜಾಗದಲ್ಲಿ ಕಟ್ಟಿದ ಹಸು

ಸಾಗರದ ಅಂಚಿನಲ್ಲಿದ್ದ ಹಾಲಮ್ಮನ ಮನೆಯ ಜಗಲಿ ಪಕ್ಕದ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಹೊಸನಗರಕ್ಕೆ ಹೋಗಿಬರುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ. ಕೊರಳಲ್ಲಿ ಸೀಟಿ, ಹೆಗಲಲ್ಲಿ ಚರ್ಮದ ಚೀಲ. ಸೀಮೆಗೇ ಅಪ್ಪಣೆ ಕೊಡುವವನಂತೆ ‘ರೈಟ್’ ಅನ್ನುತ್ತಿದ್ದೆ. ಬಸ್ಸು ಮಾತ್ರ ಡ್ರೈವರಿಗೆ ಮನಸ್ಸು ಬಂದಾಗ ಹೊರಡುತ್ತಿತ್ತು.

ಹಾಲಮ್ಮನಿಗೆ ತವರೂರು ಇರಲಿಲ್ಲ. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ಅದು ಶರಾವತಿಯ ನೀರಿನಡಿ ಹೋಗಿತ್ತು. ಅಣ್ಣ ಅಂಜನಪ್ಪ ಹೊಸನಗರದ ಕಡೆ ಗದ್ದೆ ಮಾಡಿಕೊಂಡಿದ್ದ. ಊರು ಬಿಡುವಾಗ ಅಪ್ಪನ ಕೊಟ್ಟಿಗೆಯ ಕೆಂಪಿ ಎಂಬ ಹಸುವನ್ನು ತಂಗಿಗೆ ಕೊಟ್ಟಿದ್ದ. ತವರಿಂದ ಬಂದ ದನಕ್ಕೆ ದೀಪಾವಳಿಯ ಗೋಪೂಜೆಯಂದು ತವರಿನವರೇ ಮೊದಲ ಹಾರ ಹಾಕಬೇಕು, ಅದು ಆ ಮನೆಯ ಪದ್ಧತಿ. ಹಾಗಾಗಿ ಪ್ರತಿವರ್ಷ ಅಂಜನಪ್ಪ ಅಡಿಕೆ, ಚೆಂಡುಹೂ ಪೋಣಿಸಿದ ಹಾರ ಹಿಡಿದು ನಮ್ಮ ಬಸ್ಸು ಹತ್ತುತ್ತಿದ್ದ. ಹಾರ ಹಾಕಿ, ಉಂಡು, ಸಂಜೆ ಬಸ್ಸಿಗೆ ವಾಪಸ್ಸು. ಬೇರೆ ದಿನ ಬಾ ಅಂದರೆ ಗದ್ದೆ, ಹಂದಿ ಕಾವಲು, ಏನಾದರೊಂದು.

ಆ ಮಳೆಗಾಲದಲ್ಲಿ ಕೆಂಪಿ ಸತ್ತಿತು. ಹಾಲಮ್ಮ ಅಣ್ಣನಿಗೆ ಹೇಳಿ ಕಳಿಸಲಿಲ್ಲ.

“ದನ ಇಲ್ಲ ಅಂದ್ರೆ ಅವ ಎಂತಕ್ಕೆ ಬರ್ತಾನೆ?” ಅಂದಳು ಗಂಡ ಹುಲಿಯಪ್ಪನಿಗೆ. “ಅವ ಬರೋದು ನಿಲ್ತು ಅಂದ್ರೆ ನನ್ನ ತವರು ಅಲ್ಲಿಗೆ ಮುಗೀತು.”

ಹಬ್ಬದ ಹಿಂದಿನ ದಿನ ಪಕ್ಕದ ಮನೆ ಮಾಸ್ತಮ್ಮನ ಕೆಂದ ಹಸು ಒಂದು ದಿನದ ಎರವಲಿಗೆ ನಮ್ಮ ಕೊಟ್ಟಿಗೆಗೆ ಬಂತು. ಹಾಲಮ್ಮ ಅದನ್ನು ಮೀಯಿಸಿ, ಅಕ್ಕಿ ಅಳೆಯುವ ಸಿದ್ದೆಯ ಬಾಯನ್ನು ಸುಣ್ಣ, ಕೆಮ್ಮಣ್ಣಿನಲ್ಲಿ ಅದ್ದಿ ಮೈಮೇಲೆ ಬಳೆಯಂಥ ಗುರುತು ಒತ್ತಿದಳು. ಹಬ್ಬಕ್ಕೆ ಎಲ್ಲ ದನಕ್ಕೂ ಹಾಗೆ ಒತ್ತುವುದುಂಟು. ಗುರುತು ಸಿಗಬಾರದೆಂದು ಇದರ ಕಿವಿಯನ್ನೂ ಬಿಡಲಿಲ್ಲ.

“ತಮಾ, ಬಸ್ಸಲ್ಲಿ ಬಾಯಿ ಬಿಟ್ಟೀಯ!”

“ನಾನಾ, ಹಾಲಕ್ಕ? ನಾನು ಕಲ್ಲು.”

ಮರುದಿನ ಹೊಸನಗರದಲ್ಲಿ ಅಂಜನಪ್ಪ ಹತ್ತಿದವನೇ, “ಕೆಂಪಿ ಹ್ಯಾಂಗದೆ?” ಅಂದ. ಈ ಕಲ್ಲು ಟಿಕೆಟ್ಟು ಹರಿಯುವುದನ್ನು ಮರೆತು ಆಗುಂಬೆಯಲ್ಲಿ ಬಿದ್ದ ಮಳೆಯ ವಿಷಯ ತೆಗೆಯಿತು. ಸಾಗರ ಬರುವವರೆಗೂ ಆ ಮಳೆ ನಿಲ್ಲಲಿಲ್ಲ.

ಕೊಟ್ಟಿಗೆಯಲ್ಲಿ ಅಂಜನಪ್ಪ ಹಸುವಿನ ಕೋಡು ಸವರಿದ, ಹಾರ ಹಾಕಿದ, ರೊಟ್ಟಿ ತಿನ್ನಿಸಿದ. ಹಾಲಮ್ಮ ನಿಟ್ಟುಸಿರು ಬಿಟ್ಟಳು. ಆಮೇಲೆ ಹುಲಿಯಪ್ಪ ಜಾಗಟೆ ಬಡಿದು ದನಗಳ ಹಗ್ಗ ಬಿಚ್ಚಿದ. ಮನೆಯ ದನಗಳೆಲ್ಲ ಮೇಯುವ ಕಡೆಗೆ ಓಡಿದವು. ಹಾರ ಹಾಕಿಸಿಕೊಂಡದ್ದು ಮಾತ್ರ ನೆಟ್ಟಗೆ ಮಾಸ್ತಮ್ಮನ ಅಂಗಳಕ್ಕೆ ನಡೆದು ಕಲಗಚ್ಚಿನ ಬಾನಿಗೆ ಬಾಯಿ ಹಾಕಿತು.

“ಥೂ, ನಿನ್ನ ಕರ್ಮವೇ! ಇವತ್ತು ನಿನ್ನ ಮನೆ ಅಲ್ಲಿ ಕಣೇ!” ಎಂದು ಮಾಸ್ತಮ್ಮ ಊರಿಗೆಲ್ಲ ಕೇಳುವಂತೆ ಕೂಗಿದಳು.

ನಾನು ಮತ್ತೆ ಮಳೆಯ ವಿಷಯ ತೆಗೆಯಹೋದೆ. ಹುಲಿಯಪ್ಪ ನನ್ನ ಕಾಲು ತುಳಿದ.

“ಕೆಂಪಿಗೆ ಎಡಗೋಡು ಬಗ್ಗಿತ್ತು,” ಅಂದ ಅಂಜನಪ್ಪ. “ಮುಟ್ಟಿದಾಗ್ಲೇ ಗೊತ್ತಾತು. ಯಾವಾಗ ಹೋತು?”

“ಆಷಾಢದಲ್ಲಿ, ಅಣ್ಣಯ್ಯ.”

“ಹೇಳಿ ಕಳಿಸೋಕೆ ನಾನೂ ಸತ್ತಿದ್ನಾ?”

ಹಾಲಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. “ನೀನು ಬರ್ತಿದ್ದಿದ್ದೇ ಅದಕ್ಕೆ...”

ಅಂಜನಪ್ಪ ಹೆಗಲ ವಸ್ತ್ರ ಕೊಡವಿ ಅಂಗಳಕ್ಕಿಳಿದ. ಹೊರಟೇ ಬಿಟ್ಟನೆಂದುಕೊಂಡೆ. ಅವನು ನಮಗೆ ಬೆನ್ನು ಹಾಕಿ ಅಲ್ಲೇ ನಿಂತ.

“ಅಪ್ಪನ ಕೊಟ್ಟಿಗೆದು ಅದೊಂದೇ ಉಳಿದಿತ್ತು,” ಅಂದ. ಹಾಲಮ್ಮ ಹತ್ತಿರ ಹೋಗಿ ನಿಂತಳು. ಮುಟ್ಟಲಿಲ್ಲ.

“ಬರೋ ವರ್ಷ ಹಾರ ತರಬ್ಯಾಡ. ಬರಿಗೈಲಿ ಬಾ.”

“ಹಬ್ಬದ ದಿನ ಬರಿಗೈಲಿ ಬರೋಕೆ ನಂಗೆ ಮಾನ ಇಲ್ವೇನೆ?” ಎಂದು ಗದರಿ, ನನ್ನ ಕಡೆ ತಿರುಗಿದ. “ಕಂಡಕ್ಟರೇ, ಸಂಜೆ ಬಸ್ಸಿಗೆ ನಾನಿಲ್ಲ. ನಾಳೆ ಬಿದಿಗೆ. ತಂಗಿ ಮನೇಲಿ ಉಣ್ಣೋ ದಿನ. ಅದಕ್ಕೆ ದನ ಎಂತಕ್ಕೆ?”

ಹಾಲಮ್ಮ ಅವನ ಕಾಲಿಗೆ ನೀರು ತರಲು ಒಳಗೆ ಓಡಿದಳು.