ಅಕ್ವೇರಿಯಂನ ಕೆಂಪು ಎಲೆಗಳು

ಗೆಳೆಯರೇ, ಬೆಳಿಗ್ಗೆ ನಂಜನಗೂಡು ಮಾರ್ಕೆಟ್‌ನಿಂದ ಬಂದು ನೋಡಿದರೆ, ನನ್ನ ಅಕ್ವೇರಿಯಂನಲ್ಲಿ ಒಂದೇ ಒಂದು ಕೆಂಪು ಗಿಡವಿಲ್ಲ. ಆ ಕೆಂಪು ಬರಲೆಂದು ಐದು ತಿಂಗಳು ಬೆಳಕು, ಗೊಬ್ಬರ ಅಳೆದು ಅಳೆದು ಕೊಟ್ಟಿದ್ದೆ.

ಹುಲ್ಲಹಳ್ಳಿಯಿಂದ ಬಂದಿರುವ ಅತ್ತೆ ಸಮಾಧಾನವಾಗಿ ಹೇಳಿದರು: "ಎಲೆಯೆಲ್ಲಾ ಕೆಂಪಗಾಗೋಗಿದ್ವು ಕಣವ್ವ, ರೋಗ! ಮಿಕ್ಕವ್ಕೂ ಅಂಟ್ಕೊಂಡಾದು ಅಂತ ಕಿತ್ತಾಕ್ದೆ."

"ಅಯ್ಯೋ ಅತ್ತೆ, ಅವುಗಳ ಬಣ್ಣಾನೇ ಅದು!"

"ಓಗ್ಲಿ ಬುಡು. ಮಿಕ್ಕವ್ಕೆ ಒಂದಿಡಿ ಯೂರಿಯಾ ಆಕಿವ್ನಿ, ಚೆಂದಾಗಿ ಬತ್ತವೆ."

ಯೂರಿಯಾ! ಓಡಿಹೋಗಿ ಮೀನುಗಳನ್ನೆಲ್ಲ ಹಿಡಿದು ಬಕೆಟ್ಟಿಗೆ ಹಾಕಿದೆ. ಸದ್ಯ, ಎಲ್ಲವೂ ಈಜುತ್ತಿವೆ.

ಬೈಯುವುದಾದರೂ ಹೇಗೆ? ಈ ಮನೆಯಲ್ಲಿ ನನ್ನ ಗಿಡಗಳ ಬಗ್ಗೆ ಕಾಳಜಿ ತೋರಿದವರು ಅವರೊಬ್ಬರೇ. ಇನ್ನೂ ಒಬ್ಬರು ಇಂಥ ಕಾಳಜಿ ತೋರಿದ್ದರೆ ಮೀನೂ ಉಳಿಯುತ್ತಿರಲಿಲ್ಲ.